ಕುರ್ಚಿ ಬಿಟ್ಟವರಿಗೊಂದು ಶಾಲು

ನ್ಯೂವರ್ಕ್ ವಿಮಾನ ನಿಲ್ದಾಣ

ನನ್ನ ಸೂಟ್‌ಕೇಸಿನಲ್ಲಿ ಎರಡು ಶಾಲು, ಒಂದು ಮೈಸೂರು ಪೇಟ, ಒಂದು ಗಂಧದ ಹಾರ ಇದ್ದವು. ಯಾರಿಗೆಂದು ನನಗೂ ಗೊತ್ತಿರಲಿಲ್ಲ. ಮದ್ದೂರಿನ ಕಡೆಯ ಒಂದು ಗ್ರಾಮ ಪಂಚಾಯಿತಿಗೆ ಎರಡು ಸಲ ಅಧ್ಯಕ್ಷನಾಗಿದ್ದವನು ನಾನು. ಪರಸ್ಥಳಕ್ಕೆ ಹೋದರೆ ಯಾರಾದರೂ ಒಬ್ಬ ದೊಡ್ಡ ಮನುಷ್ಯ ಸಿಗುತ್ತಾನೆ, ಅವನಿಗೆ ಸನ್ಮಾನ ಮಾಡಬೇಕಾಗುತ್ತದೆ, ಆಗ ಬರಿಗೈಯಲ್ಲಿರಬಾರದು ಎಂಬುದು ನನ್ನ ಲೆಕ್ಕಾಚಾರ. ಉಪ್ಪಿನಕಾಯಿಯನ್ನು ಬೇಕಾದರೆ ಬಿಟ್ಟು ಹೋಗುತ್ತೇನೆ, ಶಾಲನ್ನು ಬಿಡುವುದಿಲ್ಲ.

ಅಮೆರಿಕದ ನ್ಯೂವರ್ಕಿನಲ್ಲಿ ಇಳಿದಾಗ ಕಸ್ಟಮ್ಸಿನ ಹೆಂಗಸು ಸೂಟ್‌ಕೇಸ್ ತೆಗೆಸಿದಳು. ತಿಂಡಿ ಹುಡುಕುತ್ತಿದ್ದಳೆಂದು ಕಾಣುತ್ತದೆ. ಕೈಗೆ ಸಿಕ್ಕಿದ್ದು ಪೇಟ. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದು ಕೇಳಿದಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮೀಡಿಯಂ. ತಲೆಗೆ ಹೊಳೆದ ಇಂಗ್ಲಿಷಿನಲ್ಲಿ, "ಕಿಂಗ್ ಹ್ಯಾಟ್, ಮೇಡಂ" ಎಂದೆ.

"ನೀವು ರಾಜರೇ?" ಎಂದಳು.

"ನೋ ಮೇಡಂ. ಚೇರ್ಮನ್."

ಅವಳು ನಕ್ಕು ಪೇಟವನ್ನು ಇದ್ದ ಹಾಗೆಯೇ ಮಡಿಚದೆ ಇಟ್ಟು ಕಳಿಸಿದಳು. ರಾಜ ಬೇಡವೆಂದೇ ಹುಟ್ಟಿದ ದೇಶದ ಬಾಗಿಲಲ್ಲಿ ನಿಂತು ನಾನು ರಾಜನ ಟೋಪಿ ತಂದಿದ್ದೇನೆಂದು ಹೇಳಿಕೊಂಡಿದ್ದೆ ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ಈ ಪ್ರವಾಸದಲ್ಲಿ ನೋಡಿದ ಜಾಗಗಳನ್ನೆಲ್ಲ ಬರೆಯಲು ಹೊರಟವನಲ್ಲ ನಾನು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಊರಿನವರಿಗೆ ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ತಂಗಿಯ ಅಡುಗೆಮನೆ

ನನ್ನ ತಂಗಿ ಸಾವಿತ್ರಿ ಇರುವುದು ನ್ಯೂಜೆರ್ಸಿಯ ಮನ್ರೋ ಪಕ್ಕದ ಒಂದು ಟೌನ್‌ಶಿಪ್ಪಿನಲ್ಲಿ. ಅದರ ಹೆಸರು ಬೇಡ, ಅವಳು ಇನ್ನೂ ಅಲ್ಲೇ ಬಾಳಬೇಕು. ಅವಳ ಗಂಡ, ನಮ್ಮ ಭಾವ, ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುತ್ತಿದ್ದ ಡಾಕ್ಟರು. ಈಗ ನಿವೃತ್ತರು. ಮಾತು ಬಹಳ ಕಡಿಮೆ. ಜನರನ್ನು ಮಲಗಿಸಿ ಮಲಗಿಸಿ ಇವರಿಗೆ ಮಾತಾಡುವವರೇ ಸಿಗಲಿಲ್ಲ ಎಂದು ಸಾವಿತ್ರಿ ಹೇಳುತ್ತಾಳೆ.

ಇಷ್ಟು ವರ್ಷ ಅವಳು ಅಲ್ಲಿ ಗ್ರೀನ್ ಕಾರ್ಡಿನಲ್ಲೇ ಇದ್ದವಳು. ನಾನು ಹೋಗುವುದಕ್ಕೆ ಸುಮಾರು ಒಂದು ವರ್ಷ ಮುಂಚೆ ಪರೀಕ್ಷೆ ಬರೆದು ಆ ದೇಶದ ಪ್ರಜೆಯಾದಳು. ಪರೀಕ್ಷೆಗೆ ಓದಿದ ಪ್ರಶ್ನೋತ್ತರದ ಚೀಟಿಗಳು ಇನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇದ್ದವು. ಹುರುಳಿಕಾಯಿ ಬಿಡಿಸುತ್ತ ಕೂತಾಗ ಅವಳು ನನಗೆ ಪಾಠ ಮಾಡುವಳು.

"ಮೂರು ಬ್ರಾಂಚ್ ಅಣ್ಣ. ಕಾನೂನು ಮಾಡೋದು ಕಾಂಗ್ರೆಸ್ಸು, ಜಾರಿ ಮಾಡೋದು ಪ್ರೆಸಿಡೆಂಟು, ಸರಿಯಾ ತಪ್ಪಾ ಅಂತ ನೋಡೋದು ಕೋರ್ಟು. ಒಬ್ಬರ ಕೈ ಇನ್ನೊಬ್ಬರು ಹಿಡ್ಕೊಂಡಿರ್ತಾರೆ. ಯಾಕೆ ಹೇಳು?"

"ಯಾಕೆ?"

"ಇವರ ಸಂವಿಧಾನ ಬರೆದೋರು ಇಂಗ್ಲೆಂಡ್ ರಾಜನ ಕೈಲಿ ಒದೆ ತಿಂದು ಬಂದೋರು. ಇನ್ನೊಬ್ಬ ರಾಜ ಹುಟ್ಟಬಾರದು ಅಂತ ಹಿಂಗೆ ಬರೆದ್ರು."

"ಎಲ್ಲಾ ಒಬ್ಬನ ಕೈಲೇ ಇದ್ರೆ ಕೆಲ್ಸ ಬೇಗ ಆಯ್ತದೆ ಕಣವ್ವ" ಎಂದೆ ನಾನು. ಅದು ನನ್ನ ಅನುಭವದ ಮಾತಾಗಿತ್ತು. ನಮ್ಮ ಪಂಚಾಯಿತಿಯಲ್ಲಿ ನಿಯಮ ಮಾಡುತ್ತಿದ್ದವನು ನಾನು, ನಲ್ಲಿ ಬಿಡಿಸುತ್ತಿದ್ದವನು ನಾನು, ಜಗಳ ಬಂದರೆ ಅರಳಿಕಟ್ಟೆಯಲ್ಲಿ ಕೂತು ತೀರ್ಪು ಹೇಳುತ್ತಿದ್ದವನೂ ನಾನೇ.

"ಗೊತ್ತು ಬಿಡು. ಅತ್ತಿಗೆ ಅಧ್ಯಕ್ಷೆ ಆಗಿದ್ದಾಗ್ಲೂ ನೀನೇ ತಾನೆ ಇದ್ದಿದ್ದು" ಎಂದಳು ಸಾವಿತ್ರಿ, ಹುರುಳಿಕಾಯಿಯಿಂದ ತಲೆ ಎತ್ತದೆ.

ಅದು ನಿಜ. ಮೂರನೆಯ ಸಲ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ನನ್ನ ಹೆಂಡತಿ ಜಯಮ್ಮನನ್ನು ನಿಲ್ಲಿಸಿದೆ, ಗೆದ್ದಳು. ಬೋರ್ಡಿನ ಮೇಲೆ ಅವಳ ಹೆಸರು, ಕುರ್ಚಿಯ ಮೇಲೆ ನಾನು. ನಮ್ಮ ಕಡೆ ಅದೇನು ದೊಡ್ಡ ವಿಷಯವಲ್ಲ. ನಾನು ಮಾತು ಬದಲಿಸಿ, "ಕಾಂಗ್ರೆಸ್ಸಿನಲ್ಲಿ ಎಷ್ಟು ಮನೆ?" ಎಂದು ಕೇಳಿದೆ. "ಎರಡು" ಎಂದಳು. ಅಲ್ಲಿಗೆ ಆ ದಿನದ ಪಾಠ ಮುಗಿಯಿತು.

ಸಾವಿತ್ರಿಯ ತಲೆಯಲ್ಲಿ ಆಗ ಇದ್ದದ್ದು ಬೇರೆಯೇ ವಿಷಯ. ಅವರ ಬಡಾವಣೆಗೂ ಲೈಬ್ರರಿಗೂ ನಡುವೆ ಒಂದು ಅಗಲವಾದ ರಸ್ತೆ ಇದೆ. ಬೆಳಗ್ಗೆ ಹೊತ್ತು ಕಾರುಗಳು ನಿಲ್ಲದೆ ಓಡುತ್ತವೆ. ಅವಳೂ ಅವಳ ವಾಕಿಂಗ್ ಗೆಳತಿಯರೂ, ಎಲ್ಲರೂ ಅರವತ್ತು ದಾಟಿದವರು, ದಿನವೂ ಅದನ್ನು ದಾಟಿ ಲೈಬ್ರರಿಗೆ ಹೋಗಬೇಕು. ಗೆಳತಿಯೊಬ್ಬಳು ಒಂದು ದಿನ ರಸ್ತೆಯ ನಡುವೆ ಸಿಕ್ಕಿಕೊಂಡು ಎರಡೂ ಕಡೆಯ ಕಾರುಗಳಿಂದ ಹಾರ್ನ್ ಹೊಡೆಸಿಕೊಂಡು ಅಲ್ಲೇ ಅತ್ತುಬಿಟ್ಟಳಂತೆ. ಆಮೇಲೆ ಆಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಅಲ್ಲಿ ಬಿಳಿ ಪಟ್ಟೆ ಬಳಿದು, ಗುಂಡಿ ಒತ್ತಿದರೆ ಹತ್ತುವ ಒಂದು ದೀಪ ಹಾಕಿಕೊಡಿ ಎಂದು ಸಾವಿತ್ರಿ ಮನೆ ಮನೆ ತಿರುಗಿ ಸಹಿ ಮಾಡಿಸಿದ್ದಳು. ಪ್ರಜೆಯಾದ ಮೇಲೆ ಅವಳು ಕೈ ಹಾಕಿದ ಮೊದಲ ಕೆಲಸ ಅದು.

"ಅದನ್ನ ಪ್ರೆಸಿಡೆಂಟ್ ಮಾಡ್ತಾನಾ?" ಎಂದೆ.

"ಅಯ್ಯೋ ಅಣ್ಣ, ಫೆಡರಲ್ ಅಲ್ಲ, ಸ್ಟೇಟ್ ಅಲ್ಲ, ಕೌಂಟೀನೂ ಅಲ್ಲ. ಇದು ಟೌನ್‌ಶಿಪ್ ರಸ್ತೆ. ಐದು ಜನ ಕೌನ್ಸಿಲ್ ಮೆಂಬರ್ಸು. ಮೂರು ಜನ ಯೆಸ್ ಅಂದ್ರೆ ಆಯ್ತು."

ದೆಹಲಿ, ಬೆಂಗಳೂರು, ಜಿಲ್ಲೆ, ಪಂಚಾಯಿತಿ. ನನಗೆ ತಟ್ಟನೆ ಅರ್ಥವಾಯಿತು. ಪಂಚಾಯಿತಿ ಎಂದ ಕೂಡಲೇ ಕಿವಿಯೂ ನಿಮಿರಿತು.

ವಾಲ್ ಸ್ಟ್ರೀಟಿನ ಮೆಟ್ಟಿಲು

ಒಂದು ದಿನ ಹೋಬೋಕನ್ನಿನಿಂದ ದೋಣಿಯಲ್ಲಿ ನದಿ ದಾಟಿ ನ್ಯೂಯಾರ್ಕಿಗೆ ಹೋದೆವು. ದೋಣಿ ಎಂದರೆ ನಮ್ಮ ಹರಿಗೋಲಲ್ಲ. ಒಳಗೆ ಬಸ್ಸಿನಂತೆ ಸೀಟು, ಎಲ್ಲರ ಕೈಯಲ್ಲೂ ಕಾಫಿ, ಯಾರೂ ನೀರಿನ ಕಡೆ ನೋಡುವುದಿಲ್ಲ. ನಾನೊಬ್ಬನೇ ಹೊರಗೆ ನಿಂತು ಗಾಳಿಗೆ ಪಂಚೆ ಹಿಡಿದುಕೊಳ್ಳುವುದರಲ್ಲಿ ಆಚೆ ದಡ ಬಂತು.

ವಾಲ್ ಸ್ಟ್ರೀಟಿನಲ್ಲಿ ಎಲ್ಲರೂ ಹಣದ ಕಟ್ಟಡಗಳನ್ನು ನೋಡುತ್ತಾರೆ. ಸಾವಿತ್ರಿ ನನ್ನನ್ನು ದಪ್ಪ ಕಂಬಗಳ ಇನ್ನೊಂದು ಕಟ್ಟಡದ ಮೆಟ್ಟಿಲ ಮೇಲೆ ನಿಲ್ಲಿಸಿದಳು. ಅಲ್ಲಿ ವಾಷಿಂಗ್ಟನ್ನನ ಪ್ರತಿಮೆ ಇದೆ. ಅವನು ಮೊದಲ ಅಧ್ಯಕ್ಷನಾಗಿ ಪ್ರಮಾಣ ಮಾಡಿದ್ದು ಅದೇ ಜಾಗದಲ್ಲಂತೆ. ಆಗ ನ್ಯೂಯಾರ್ಕೇ ರಾಜಧಾನಿ. ಹಳೆಯ ಕಟ್ಟಡ ಹೋಗಿದೆ, ಈಗಿರುವುದು ಆಮೇಲೆ ಕಟ್ಟಿದ್ದು. ಪ್ರವಾಸಿಗಳು ಅವನ ಕಾಲ ಬಳಿ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಪೊಲೀಸಿನವನು ಯಾರನ್ನೂ ಎಬ್ಬಿಸಲಿಲ್ಲ. ನಮ್ಮಲ್ಲಾಗಿದ್ದರೆ ಸುತ್ತ ಕಬ್ಬಿಣದ ಬೇಲಿ ಹಾಕಿ ವರ್ಷಕ್ಕೊಮ್ಮೆ ಹಾರ ಹಾಕಲು ಏಣಿ ತರುತ್ತಿದ್ದೆವು.

ಭಾವ ಆ ದಿನ ಒಂದೇ ಮಾತು ಆಡಿದರು. ಪ್ರತಿಮೆಯನ್ನು ನೋಡುತ್ತ, "ಎರಡು ಅವಧಿ ಆದ್ಮೇಲೆ ಬಿಟ್ಟು ಊರಿಗೆ ಹೋದ. ಯಾರೂ ಹೋಗು ಅಂದಿರಲಿಲ್ಲ" ಎಂದರು.

"ಊರಿಗೆ ಹೋಗಿ ಏನ್ಮಾಡ್ದ?"

"ಬೇಸಾಯ."

"ಅವನೇನೂ ದೇವರಲ್ಲ" ಎಂದಳು ಸಾವಿತ್ರಿ. "ಹೊಲದಲ್ಲಿ ಗೇಯ್ತಿದ್ದೋರು ಗುಲಾಮರು. ಸಂವಿಧಾನ ಬರೆದೋರೆಲ್ಲ ಗಂಡಸರು. ಆದ್ರೆ ನಮ್ಮ ನ್ಯೂಜೆರ್ಸಿ ಗೊತ್ತಾ, ಮೊದಮೊದಲು ಇಲ್ಲಿ ಸ್ವಂತ ಆಸ್ತಿ ಇರೋ ಹೆಂಗಸರು ವೋಟ್ ಹಾಕ್ತಿದ್ರು. ಆಮೇಲೆ ಅದನ್ನ ಕಿತ್ಕೊಂಡ್ರು."

"ಕೊಟ್ಟು ಕಿತ್ಕಂಡ್ರಾ?"

"ಹೂಂ. ಕೊಟ್ಟು ಕಿತ್ಕೊಳ್ಳೋದು ಎಲ್ಲಾ ಕಡೆ ಇದೆ" ಎಂದು ನನ್ನ ಮುಖ ನೋಡಿದಳು. ನಾನು ಪ್ರತಿಮೆಯ ಬೂಟುಗಳನ್ನು ನೋಡಿದೆ.

ಫ್ರಾಂಕನ ಅಂಗಳ

ಸಾವಿತ್ರಿಯ ಅರ್ಜಿಯನ್ನು ಕೌನ್ಸಿಲ್ಲಿನ ಮುಂದೆ ತಂದವನು ಫ್ರಾಂಕ್. ಅವನ ಮನೆ ಅದೇ ಬೀದಿಯ ಕೊನೆಯಲ್ಲಿ. ವಯಸ್ಸು ನನ್ನಷ್ಟೇ. ಹಿಂದೆ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದನಂತೆ. ಮೊದಲ ಸಲ ಅವನನ್ನು ನೋಡಿದಾಗ ಚಡ್ಡಿ ಹಾಕಿಕೊಂಡು ಹುಲ್ಲು ಕತ್ತರಿಸುತ್ತಿದ್ದ. ಇವನೇ ಕೌನ್ಸಿಲ್ ಮೆಂಬರು ಎಂದರೆ ನಾನು ನಂಬಲಿಲ್ಲ. ಹಿಂದೆ ಮುಂದೆ ಒಬ್ಬ ಹುಡುಗನೂ ಇಲ್ಲ, ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರಿಲ್ಲ. ಅವನು ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತ ಸಾವಿತ್ರಿಯ ಜೊತೆ ರಸ್ತೆಯ ವಿಷಯ ಮಾತಾಡಿದ. ಇಬ್ಬರು ತನ್ನ ಪರ, ಇಬ್ಬರು ವಿರೋಧ, ತಾನು ಸೇರಿದರೆ ಮೂರು, ಮುಂದಿನ ಸಭೆಯಲ್ಲಿ ಮತಕ್ಕೆ ಬರುತ್ತದೆ ಎಂದ.

ನನಗೆ ಆ ರಾತ್ರಿ ಸಮಾಧಾನವಾಗಲಿಲ್ಲ. ಮೂರಕ್ಕೆ ಎರಡು. ಇಷ್ಟು ತೆಳುವಾದ ಬಹುಮತವನ್ನು ಯಾವ ಅನುಭವಸ್ಥನೂ ಹಾಗೇ ಬಿಡುವುದಿಲ್ಲ. ಆ ಮೂರನೆಯವನನ್ನು ಭದ್ರ ಮಾಡಿಕೊಳ್ಳಬೇಕು. ತಂಗಿ ಇಷ್ಟೆಲ್ಲ ಓದಿಕೊಂಡವಳು, ಆದರೆ ಕೆಲಸ ಮಾಡಿಸಿಕೊಳ್ಳುವುದು ಇವಳಿಗೆ ಗೊತ್ತಿಲ್ಲ ಎಂದುಕೊಂಡೆ.

ಮರುದಿನ ಸಾವಿತ್ರಿ ಯೋಗ ಕ್ಲಾಸಿಗೆ ಹೋದಾಗ ಭಾವನ ಹತ್ತಿರ ಹಣ್ಣಿನ ಬುಟ್ಟಿ ತರಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಶರಟು, ಪಂಚೆ ಉಟ್ಟು, ಶಾಲು, ಪೇಟ, ಹಾರ, ಬುಟ್ಟಿ ಹಿಡಿದು ಒಬ್ಬನೇ ನಡೆದೆ.

ಫ್ರಾಂಕನಿಗೆ ಬಹಳ ಸಂತೋಷವಾಯಿತು. ಹೆಂಡತಿಯನ್ನು ಕೂಗಿದ. ಟಿ-ಶರ್ಟಿನ ಮೇಲೆ ಶಾಲು ಹೊದಿಸಿದೆ, ಹಾರ ಹಾಕಿದೆ, ತಲೆಗೆ ಪೇಟ ಇಟ್ಟೆ. ಆ ಮಹರಾಯನ ತಲೆ ದೊಡ್ಡದು, ಪೇಟ ಮೇಲೆಯೇ ಕೂತಿತು. ಅವನ ಹೆಂಡತಿ ನನ್ನ ಫೋನಿನಲ್ಲಿ ಫೋಟೋ ತೆಗೆದಳು. ಇದು ಭಾರತದಲ್ಲಿ ಅತಿಥಿಗಳು ಮಾಡುವ ಮರ್ಯಾದೆ ಇರಬೇಕೆಂದು ಅವರು ತಿಳಿದಿದ್ದರು. ಅವನು ಬುಟ್ಟಿಯಿಂದ ಒಂದು ಬಾಳೆಹಣ್ಣು ಸುಲಿದು ಅಲ್ಲೇ ತಿಂದ. ಅವನ ಕೈ ಹಿಡಿದುಕೊಂಡು ನಾನು ಹೇಳಿದೆ:

"ರೋಡ್. ಕ್ರಾಸಿಂಗ್. ಮೈ ಸಿಸ್ಟರ್. ಯು ಡು. ಪ್ಲೀಸ್."

ಅವನ ನಗು ನಿಧಾನಕ್ಕೆ ಇಳಿಯಿತು. ಸಿಟ್ಟೇನೂ ಅಲ್ಲ. ಸುಲಿದ ಸಿಪ್ಪೆಯನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನೋಡಿದ. ದೊಡ್ಡ ಮನುಷ್ಯರು ಒಪ್ಪಿಕೊಂಡರೂ ಬಾಯಲ್ಲಿ ಹೇಳುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ದಾರಿಯಲ್ಲೇ ಆ ಫೋಟೋವನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಸಾವಿತ್ರಿ ತನ್ನ ವಾಕಿಂಗ್ ಗೆಳತಿಯರ ಗುಂಪಿಗೂ ನನ್ನನ್ನು ಸೇರಿಸಿದ್ದಳು. ಅವರೂ ಖುಷಿಪಡಲಿ ಎಂದು ಅಲ್ಲಿಗೂ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ "ವರ್ಕ್ ಡನ್" ಎಂದು ಬರೆದೆ.

ಯೋಗ ಮುಗಿಸಿ ಬಂದ ಸಾವಿತ್ರಿಯ ಉಸಿರು ಯೋಗ ಮಾಡಿದವಳ ಉಸಿರಿನಂತಿರಲಿಲ್ಲ.

"ಏನಣ್ಣ ಮಾಡ್ಬಿಟ್ಟೆ ನೀನು?"

"ಸನ್ಮಾನ ಮಾಡ್ದೆ ಕಣವ್ವ. ಲಂಚ ಏನ್ ಕೊಟ್ನಾ?"

"ಕೆಲಸ ಆಗೋಕ್ ಮುಂಚೆ ಕೊಟ್ಟು, ಕೆಲಸ ಮಾಡು ಅಂದು, ವರ್ಕ್ ಡನ್ ಅಂತ ಬರೆದ್ರೆ ಅದಕ್ಕೆ ಏನಂತಾರೆ? ಅಧಿಕಾರದಲ್ಲಿರೋನು ರಾಜನ ಹತ್ರ, ಫಾರಿನ್ ಸ್ಟೇಟ್ ಹತ್ರ ಉಡುಗೊರೆ ತಗೋಬಾರದು ಅಂತ ಅವರು ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ."

"ಅದು ದೊಡ್ಡೋರಿಗೆ ಬರ್ದಿದ್ದು. ನಾನೇನ್ ರಾಜನಾ?"

"ಊರಲ್ಲಿ ಹಂಗೇ ಇದ್ದೆಯಲ್ಲ. ಇಲ್ಲಿ ಫಾರಿನ್ನೂ ಆದೆ."

ಸಂಜೆ ಫ್ರಾಂಕ್ ಎಲ್ಲವನ್ನೂ ವಾಪಸು ತಂದ. ಶಾಲನ್ನು ನನಗಿಂತ ಚೆನ್ನಾಗಿ ಮಡಿಚಿದ್ದ. ನನಗೆ ನೋವಾಗಬಾರದೆಂದು ಎರಡೆರಡು ಸಲ ಕ್ಷಮೆ ಕೇಳಿದ. ಅವನು ಹೋದ ಮೇಲೆ ಬುಟ್ಟಿ ನೋಡಿದೆ. ಎಲ್ಲ ಬಾಳೆಹಣ್ಣುಗಳ ನಡುವೆ ಒಂದು ಮಾತ್ರ ಸ್ವಲ್ಪ ಹಸಿರಾಗಿತ್ತು. ತಿಂದ ಹಣ್ಣಿನ ಬದಲಿಗೆ ಅಂಗಡಿಯಿಂದ ಒಂದು ತಂದು ಸೇರಿಸಿದ್ದ.

ಆ ಹಸಿರು ಹಣ್ಣನ್ನು ನೋಡುತ್ತ ಕೂತೆ. ಸಾವಿತ್ರಿ ಬೈದಾಗ ಆಗದ ನಾಚಿಕೆ ಆಗ ಆಯಿತು.

ಟೌನ್‌ಶಿಪ್ ಸಭಾಂಗಣ

ಸಭೆಯ ಕೋಣೆ ನಮ್ಮ ಪ್ರೈಮರಿ ಶಾಲೆಯ ಹಾಲಿನಷ್ಟಿತ್ತು. ಎದುರಿಗೆ ಎತ್ತರದ ಮೇಜಿನ ಹಿಂದೆ ಐದು ಜನ, ಮೂಲೆಯಲ್ಲಿ ಅವರ ವಕೀಲ, ಒಂದು ಬಾವುಟ. ಸಭೆ ಶುರುವಾಗುವ ಮೊದಲು ಎಲ್ಲರೂ ಎದ್ದು ಬಾವುಟದ ಕಡೆ ತಿರುಗಿ ಎದೆಯ ಮೇಲೆ ಕೈ ಇಟ್ಟರು. ನಾನೂ ಇಟ್ಟೆ.

ರಸ್ತೆಯ ವಿಷಯ ಬಂದಾಗ ಫ್ರಾಂಕ್ ಮೈಕು ಎಳೆದುಕೊಂಡ. ಸಾವಿತ್ರಿ ನನ್ನ ಕಿವಿಯಲ್ಲಿ ಅನುವಾದ ಮಾಡುತ್ತ ಹೋದಳು. ಈ ವಿಷಯಕ್ಕೆ ಸಂಬಂಧಪಟ್ಟವರ ಮನೆಯಿಂದ ತನಗೊಂದು ಉಡುಗೊರೆ ಬಂದಿತ್ತು, ಅದನ್ನು ವಾಪಸು ಕೊಟ್ಟಿದ್ದೇನೆ, ಆದರೂ ಇದರಲ್ಲಿ ತಾನು ಮತ ಹಾಕುವುದು ಸರಿಯಲ್ಲ ಎಂದ. ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಎದ್ದು ಹೊರಗೆ ಹೋದ.

ಉಳಿದವರು ನಾಲ್ಕು. ಇಬ್ಬರು ಯೆಸ್, ಇಬ್ಬರು ನೋ. ಸಮವಾದರೆ ಬಿದ್ದ ಹಾಗೆಯೇ ಅಂತೆ.

ನನ್ನ ತಂಗಿಯ ಅಷ್ಟು ದಿನಗಳ ತಿರುಗಾಟ ನನ್ನ ಒಂದು ಶಾಲಿನಿಂದ ಬಿದ್ದುಹೋಯಿತು. ಕಾರಿನಲ್ಲಿ ಮೊದಲು ಮಾತಾಡಿದವರು ಭಾವ. "ಒಂದು ಸಲ ಬಿದ್ದದ್ದನ್ನ ಇನ್ನೊಂದು ಸಲ ತರಬಹುದು" ಎಂದರು. "ಪರವಾಗಿ ಇದ್ದ ಇಬ್ಬರಲ್ಲಿ ಯಾರಾದರೂ ತರಬಹುದು. ಆದರೆ ವಿರೋಧದಲ್ಲಿರೋ ಒಬ್ಬರು ಮನಸ್ಸು ಬದಲಾಯಿಸಬೇಕು."

"ಫ್ರಾಂಕು?" ಎಂದೆ.

"ಫ್ರಾಂಕ್ ಹೊರಗೇ ಇರ್ತಾನೆ" ಎಂದಳು ಸಾವಿತ್ರಿ. "ಒಂದು ವರ್ಷ ನನ್ನ ಜೊತೆ ಕೆಲಸ ಮಾಡಿದೋನು."

ಗೆಳತಿಯರು ವಾಟ್ಸ್ಯಾಪ್ ಗುಂಪಿನಲ್ಲಿ ನನಗೆ ಏನೂ ಅನ್ನಲಿಲ್ಲ. ಪ್ರತಿದಿನ ಬರುತ್ತಿದ್ದ "ಗುಡ್ ಮಾರ್ನಿಂಗ್ ಅಂಕಲ್" ಮಾತ್ರ ನಿಂತಿತು. ನನ್ನ ವಾಪಸು ಟಿಕೆಟ್ಟಿಗೆ ಮುಂಚೆ ಇನ್ನೊಂದು ಸಭೆ ಇತ್ತು. ಅಷ್ಟರಲ್ಲಿ ಪರವಾಗಿದ್ದ ಸದಸ್ಯರೊಬ್ಬರು ವಿಷಯವನ್ನು ಮತ್ತೆ ಪಟ್ಟಿಗೆ ಸೇರಿಸಿದರು. ಜನರು ಬಂದು ಮಾತಾಡಬಹುದು, ಒಬ್ಬರಿಗೆ ಮೂರು ನಿಮಿಷ.

"ನಾನು ಮಾತಾಡ್ತೀನಿ" ಎಂದೆ.

"ಬೇಡಪ್ಪಾ. ನೀನು ಸುಮ್ನೆ ಇದ್ರೆ ಅದೇ ದೊಡ್ಡ ಉಪಕಾರ."

"ರಸ್ತೆ ವಿಷ್ಯ ಅಲ್ಲ ಕಣವ್ವ. ಶಾಲಿನ್ ವಿಷ್ಯ."

ಅವಳು ಎದುರಿಗೆ ಕೂತು ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದಳು.

ಕಾರಿಡಾರು

ಮೈಕಿನ ಮುಂದೆ ನಾನು ಜೀವಮಾನವೆಲ್ಲ ನಿಂತಿದ್ದೇನೆ. ತಪ್ಪು ಒಪ್ಪಿಕೊಳ್ಳಲು ನಿಂತದ್ದು ಅದೇ ಮೊದಲು. "ನಾನು ಅವಳ ಅಣ್ಣ. ಉಡುಗೊರೆ ಕೊಟ್ಟವನು ನಾನು. ಅವಳಿಗೆ ಗೊತ್ತಿರಲಿಲ್ಲ, ಫ್ರಾಂಕನಿಗೂ ಗೊತ್ತಿರಲಿಲ್ಲ. ತಪ್ಪು ನನ್ನದು." ಅಲ್ಲಿಗೆ ಬಾಯಿಪಾಠ ಮುಗಿಯಿತು. ಕಲಿಸದ ಒಂದು ಮಾತು ಬಾಯಿಗೆ ಬಂತು: "ಇನ್ ಮೈ ಪ್ಲೇಸ್, ಶಾಲ್ ಫಸ್ಟ್, ವರ್ಕ್ ನೆಕ್ಸ್ಟ್." ಹಾಲಿನಲ್ಲಿ ನಗು ಎದ್ದಿತು. ಗೇಲಿಯ ನಗುವಲ್ಲ. ಹಿಂದಿನ ಸಭೆಯಲ್ಲಿ ನೋ ಎಂದಿದ್ದ ಒಬ್ಬ ಮೆಂಬರ್ ಹೆಂಗಸೂ ನಗುತ್ತಿದ್ದುದನ್ನು ಕಂಡೆ.

ರಸ್ತೆಯ ವಿಷಯ ಬರುತ್ತಲೇ ಫ್ರಾಂಕ್ ಎದ್ದು ಹೊರಗೆ ಹೋದ. ನಾನು ಕೂತಿದ್ದರೆ ತಂಗಿಗೆ ಕೈಸನ್ನೆ ಮಾಡುತ್ತೇನೆಂದು ನನಗೆ ಗೊತ್ತು. ನಾನೂ ಎದ್ದು ಹೊರಗೆ ಹೋದೆ.

ಕಾರಿಡಾರಿನಲ್ಲಿ ಒಂದು ಬೆಂಚು, ಕುಡಿಯುವ ನೀರಿನ ನಲ್ಲಿ. ಅವನು ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ. ಒಳಗಿನ ಮಾತು ಗೋಡೆಯ ಮೇಲಿನ ಸ್ಪೀಕರಿನಲ್ಲಿ ಕೇಳುತ್ತಿತ್ತು. ಇವನ ಕೆಲಸ, ಇವನ ಊರು, ಇವನೇ ತಂದ ವಿಷಯ. ಇವನು ಹೊರಗೆ ಕೂತಿದ್ದಾನೆ. ಯಾರೂ ಕತ್ತು ಹಿಡಿದು ದಬ್ಬಿರಲಿಲ್ಲ. ಪುಸ್ತಕದಲ್ಲಿ ಬರೆದ ಮೂರು ಬ್ರಾಂಚು, ಎರಡು ಮನೆ ಎಲ್ಲ ಇರಲಿ. ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತವನನ್ನು ನಾನು ನೋಡಿದ್ದು ಆ ಬೆಂಚಿನ ಮೇಲೆ.

ಸಾವಿತ್ರಿಯ ಧ್ವನಿ ಬಂತು. ಮೆಲ್ಲಗೆ ಶುರು ಮಾಡಿದಳು. ಹೆಸರು ಹೇಳಿದಳು, ಬೀದಿ ಹೇಳಿದಳು. ಹೋದ ವರ್ಷ ಈ ದೇಶದ ಪ್ರಜೆಯಾದೆ ಎಂದಳು. ಬೆಳಗ್ಗೆ ಹೊತ್ತು ಆ ರಸ್ತೆಯ ಅಂಚಿನಲ್ಲಿ ನಾವು ಹೇಗೆ ಕಾಯುತ್ತೇವೆಂದು ನಿಮಗೆ ತೋರಿಸುತ್ತೇನೆ ಎಂದಳು. ಆಮೇಲೆ ಸ್ಪೀಕರು ಸುಮ್ಮನಾಯಿತು.

ಕಾದೆ. ಏನೂ ಇಲ್ಲ. ಒಬ್ಬರು ಕೆಮ್ಮಿದ್ದು ಕೇಳಿತು, ಕುರ್ಚಿ ಕಿರುಗುಟ್ಟಿದ್ದು ಕೇಳಿತು. ತಂಗಿಯ ಧ್ವನಿ ಇಲ್ಲ. ಮಾತು ಮರೆತಳು, ಹೆದರಿದಳು ಎಂದುಕೊಂಡೆ. ಚಿಕ್ಕವಳಿದ್ದಾಗಿನಿಂದ ಮೇಷ್ಟರು ಅವಳನ್ನು ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಿದ್ದವನು ನಾನು. ಎದ್ದು ಬಾಗಿಲ ಹಿಡಿಕೆಗೆ ಕೈ ಹಾಕಿದೆ.

ಫ್ರಾಂಕ್ ಎದ್ದು ಬಂದು ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟ. ತಲೆ ಅಲ್ಲಾಡಿಸಿದ. "ಲೆಟ್ ಹರ್" ಎಂದ.

ನಾನು ಹಿಡಿಕೆ ಬಿಟ್ಟೆ. ಇಬ್ಬರೂ ಬಾಗಿಲ ಬಳಿ ನಿಂತೆವು. ಕೊನೆಗೆ ಸಮಯ ಮುಗಿದ ಗಂಟೆ ಹೊಡೆಯಿತು. ಆಗ ಸಾವಿತ್ರಿಯ ಧ್ವನಿ, ನಿಧಾನವಾಗಿ, ಸ್ವಲ್ಪವೂ ನಡುಗದೆ: "ಇಷ್ಟು ಹೊತ್ತು ನಿಂತರೂ ನಾನಿನ್ನೂ ಈಚೆ ಬದಿಯಲ್ಲೇ ಇದ್ದೇನೆ. ಥ್ಯಾಂಕ್ ಯೂ."

ಒಬ್ಬೊಬ್ಬರ ಹೆಸರು ಕೂಗಿ ಮತ ಕೇಳಿದರು. ಯೆಸ್. ನೋ. ಯೆಸ್. ಕೊನೆಯ ಹೆಸರು ಆ ಹೆಂಗಸಿನದು. ಅವಳು ಏನೋ ಹೇಳಿದಳು, ಉದ್ದವಾಗಿತ್ತು, ನನಗೆ ತಿಳಿಯಲಿಲ್ಲ. ಫ್ರಾಂಕನ ಮುಖವನ್ನೇ ನೋಡುತ್ತಿದ್ದೆ. ಅವನು ಕಣ್ಣು ಮುಚ್ಚಿದ್ದ. ಆಮೇಲೆ "ಯೆಸ್" ಎಂಬ ಮಾತು ಇಬ್ಬರಿಗೂ ಕೇಳಿಸಿತು.

ಅವನು ನಲ್ಲಿಗೆ ಹೋಗಿ ನೀರು ಕುಡಿದು ಬಾಯಿ ಒರೆಸಿಕೊಂಡ. ನಾನು ಕೈ ಮುಗಿಯಲು ಹೋದೆ. ಅವನು ನಗುತ್ತ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಅದೂ ಬೇಡ ಎನ್ನುವಂತೆ ತಲೆ ಆಡಿಸಿದ. ಹೊರಗೆ ಬಂದ ಸಾವಿತ್ರಿಗೆ ಅವನು ಹೇಳಿದ್ದನ್ನು ಅವಳು ನನಗೆ ಕನ್ನಡದಲ್ಲಿ ಹೇಳಿದಳು: "ನನ್ನ ಅವಧಿ ಡಿಸೆಂಬರಿಗೆ ಮುಗಿಯುತ್ತೆ, ಮತ್ತೆ ನಿಲ್ಲಲ್ಲ. ಆ ಶಾಲು ಬೆಚ್ಚಗಿತ್ತು ಅಂತ ನಿಮ್ಮಣ್ಣನಿಗೆ ಹೇಳಿ ಅಂತಿದ್ದಾನೆ."

ಶಾಲು, ಪೇಟ, ಹಾರವನ್ನು ತಂಗಿಯ ಕಪಾಟಿನಲ್ಲೇ ಬಿಟ್ಟು ಬಂದೆ. ಕುರ್ಚಿ ಬಿಟ್ಟ ಮೇಲೆ ಕೊಡು, ಒಂದು ದಿನ ಮೊದಲೂ ಬೇಡ ಎಂದೆ. "ಈಗ ಪಾಸಾದೆ ನೋಡು" ಎಂದಳು.

ಊರು

ಜನವರಿಯಲ್ಲಿ ಫೋಟೋ ಬಂತು. ಸುತ್ತ ಹಿಮ. ದಪ್ಪ ಕೋಟಿನ ಮೇಲೆ ನಮ್ಮ ಶಾಲು ಹೊದ್ದು, ಉಲ್ಲನ್ ಟೋಪಿಯ ಮೇಲೆ ಪೇಟ ಇಟ್ಟುಕೊಂಡು ಫ್ರಾಂಕ್ ರಸ್ತೆಯ ಬದಿಯಲ್ಲಿ ಗುಂಡಿ ಒತ್ತುತ್ತಿದ್ದಾನೆ. ಹಿಂದೆ ಬಿಳಿ ಪಟ್ಟೆಗಳ ಮೇಲೆ ಸಾವಿತ್ರಿ, ಅವಳ ಕೈ ಹಿಡಿದು ಇನ್ನೊಬ್ಬ ಹೆಂಗಸು. ಮನೆ ಬಿಟ್ಟು ಹೊರಗೆ ಬಾರದಿದ್ದ ಗೆಳತಿ ಆಕೆಯೇ ಎಂದು ಕೆಳಗೆ ಬರೆದಿದ್ದಳು. ಎರಡೂ ಕಡೆ ಕಾರುಗಳು ನಿಂತಿವೆ.

ಜಯಮ್ಮನಿಗೆ ತೋರಿಸಿದೆ. ಕಥೆಯೆಲ್ಲ ಹೇಳಿದೆ. ಯಾವುದನ್ನೂ ಬಿಡಲಿಲ್ಲ. ಅವಳು ಹಸಿರು ಬಾಳೆಹಣ್ಣಿನ ಹತ್ತಿರ ಬಂದಾಗ ಜೋರಾಗಿ ನಕ್ಕಳು, ಬೆಂಚಿನ ಹತ್ತಿರ ಬಂದಾಗ ಒಲೆಯ ಉರಿ ಸಣ್ಣ ಮಾಡಿ ಕೇಳಿದಳು. ನನಗೆ ಒಂದು ಯೋಚನೆ ಬಂತು. ಒಳಗೆ ಹೋಗಿ ಸೂಟ್‌ಕೇಸಿನಲ್ಲಿ ಉಳಿದಿದ್ದ ಎರಡನೆಯ ಶಾಲನ್ನು ತಂದು ಬಿಚ್ಚಿದೆ.

"ಇದ್ಯಾಕೆ?" ಎಂದಳು.

"ನೀನೂ ಅಧ್ಯಕ್ಷೆ ಆಗಿದ್ದೋಳು. ಕುರ್ಚಿ ಬಿಟ್ಟೋರಿಗೆ ಹೊದ್ಸೋದು."

ಅವಳು ಶಾಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಬಟ್ಟೆ ಚೆನ್ನಾಗಿದೆ ಎಂದಳು.

"ಬಿಡೋಕೆ ಮೊದ್ಲು ಕೂರ್ಬೇಕಲ್ಲ? ನಾನ್ಯಾವತ್ತು ಕೂತಿದ್ದೆ? ಹೊದಿಸ್ಲೇಬೇಕು ಅಂದ್ರೆ ಕನ್ನಡಿ ಮುಂದೆ ನಿಂತ್ಕಂಡು ನೀವೇ ಹೊದ್ಕಳಿ."

ಸಿಟ್ಟಿನಿಂದ ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎನ್ನುವ ಧ್ವನಿಯಲ್ಲೇ ಹೇಳಿದಳು. ಅಲ್ಲಿ ಮೈಕಿನ ಮುಂದೆ ಒಪ್ಪಿಕೊಳ್ಳಲು ತಂಗಿ ನಾಲ್ಕು ವಾಕ್ಯ ಕಲಿಸಿದ್ದಳು. ಇಲ್ಲಿಗೆ ಯಾರೂ ಕಲಿಸಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಶಾಲು ಹಿಡಿದು ದಾರಿಗೆ ಅಡ್ಡ ನಿಂತಿದ್ದೆ. ಅವಳು ಸಾರು ಇಳಿಸಿದಳು, ಕೈ ತೊಳೆದಳು, ತಲೆಬಾಗಿಲಲ್ಲಿದ್ದ ತನ್ನ ಚಪ್ಪಲಿಯ ಕಡೆ ಕೈ ತೋರಿಸಿದಳು. ಪಂಚಾಯಿತಿ ಕಚೇರಿಯಲ್ಲಿ ಆ ದಿನ ಗ್ರಾಮಸಭೆ ಇತ್ತು.

"ನಲ್ಲಿ ನೀರಿನ್ ವಿಷ್ಯ ಕೇಳ್ಬೇಕು" ಎಂದಳು. "ದಾರಿ ಬಿಡಿ."

ಬಿಟ್ಟೆ.